ಉಪ್ಪಿಟ್ಟು ಹೆಚ್ಚಾದ ದಿನ

ಇವತ್ತು ಬೆಳಿಗ್ಗೆ ಅಕ್ಕಿ ಡಬ್ಬಿಗೆ ಪಾವು ಇಳಿಸಿದೆ. ತಳ ಕರಕರ ಎಂದಿತು. "ಅಕ್ಕಿ ಹೆಚ್ಚೇತಿ, ತರ್ರಿ" ಎಂದು ಗಂಡನಿಗೆ ಕೂಗಿ ಹೇಳಿದೆ. ಮಗಳು ಮೊಬೈಲಿನಿಂದ ತಲೆ ಎತ್ತಿ, "ಹೆಚ್ಚಾಗಿದ್ರ ಮತ್ಯಾಕ ತರೂದು, ಮಮ್ಮಿ?" ಎಂದಳು. ಹೊರಗೆ ಅವಳಪ್ಪ ಚಹಾ ನೆತ್ತಿಗೇರುವಷ್ಟು ನಕ್ಕರು. ನಗಲಿ ಪಾಪ, ಆ ಮಾತಿಗೆ ಒಮ್ಮೆ ಮೋಸಹೋದವರೇ ಅವರು.

ದೊಡವಾಡದ ನಮ್ಮ ತವರುಮನೆಯೊಳಗೆ 'ಕಮ್ಮಿ' ಎನ್ನುವ ಶಬ್ದಕ್ಕೆ ಪ್ರವೇಶವಿರಲಿಲ್ಲ. "ಕಮ್ಮಿ ಅಂದ್ರ ಕಮ್ಮಿನ ಆಗತೈತಿ" ಎನ್ನುತ್ತಿದ್ದಳು ಆಯಿ, ನಮ್ಮಪ್ಪನ ತಾಯಿ. ಬಳೆ ಒಡೆದರೆ 'ಹೆಚ್ಚಿತು' ಎನ್ನುವುದನ್ನು ನೀವೂ ಕೇಳಿರುತ್ತೀರಿ. ಆಯಿಗೆ ಅಷ್ಟು ಸಾಲದು. ಉಪ್ಪು, ಎಣ್ಣೆ, ಕಡ್ಡಿಪೆಟ್ಟಿಗೆ, ಏನು ತೀರಿದರೂ ಅದು ಹೆಚ್ಚಬೇಕು. ಗಣಿತದಲ್ಲಿ ನನ್ನ ಅಂಕಗಳೂ ವರ್ಷ ವರ್ಷ ಹೆಚ್ಚುತ್ತಲೇ ಇದ್ದವು. ನಾಲ್ಕಕ್ಷರ ಕಲಿತ ನನಗೆ ಇದೆಲ್ಲ ನಾಚಿಕೆ.

ಹೀಗಿರುವಾಗ ಒಂದು ದಿನ ನನ್ನನ್ನು ನೋಡಲು ಮುನವಳ್ಳಿಯಿಂದ ಗಂಡಿನವರು ಬಂದರು. ಐದು ಮಂದಿ ಎಂದಿದ್ದರು, ಇಳಿದದ್ದು ಹನ್ನೊಂದು. ಅದಕ್ಕೂ ಮೊದಲು ಬಂದಿದ್ದ ಎರಡು ಮನೆಯವರು "ತಿಳಸ್ತೇವ್ರಿ" ಎಂದು ಹೋದವರು ಹೋಗೇಬಿಟ್ಟಿದ್ದರು. ಹೀಗಾಗಿ ಅವ್ವನ ಜೀವ ಬಾಯಿಗೆ ಬಂದಿತ್ತು. ನೋಡನೋಡುತ್ತ ಉಪ್ಪಿಟ್ಟಿನ ಬೋಗುಣಿ ಖಾಲಿ. ಆಯಿ ಒಳಗೆ ಇಣುಕಿದಳು. ಕಿವಿ ಮಂದವಾದ್ದರಿಂದ ಅವಳ ಪಿಸುಮಾತೂ ಓಣಿಗೆ ಕೇಳುತ್ತಿತ್ತು.

"ಉಪ್ಪಿಟ್ಟು ಹೆಚ್ಚಾತು!"

ಪಡಸಾಲೆಯಲ್ಲಿ ಕುಳಿತಿದ್ದ ವರಮಹಾಶಯರು ಸಣ್ಣಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವರು, ಹಳಬರ ಈ ಮಾತು ಅರಿಯರು. "ಹೆಚ್ಚಾಗಿದ್ರ ಇಲ್ಲೆ ಹಾಕ್ರಿ, ಚೆಲ್ಲೂದ್ಯಾಕ?" ಎಂದು ತಟ್ಟೆ ಚಾಚಿದರು.

ಅವ್ವ ನನ್ನ ಮುಖ ನೋಡಿದಳು, ನಾನು ಬೋಗುಣಿಯ ಮುಖ ನೋಡಿದೆ. "ಇಲ್ಲ ಅನಬ್ಯಾಡ" ಎಂದು ಆಯಿ ಕಣ್ಣಲ್ಲೇ ಗದರಿದಳು. ಏನು ಹೊಕ್ಕಿತೋ ಮೈಯಲ್ಲಿ, ಬೋಗುಣಿ ಎತ್ತಿಕೊಂಡು ಹೋಗಿ ಅವರ ತಟ್ಟೆಯ ಮೇಲೆ ಬೋರಲು ಹಿಡಿದೆ. ಒಂದು ಕರಿಬೇವಿನ ಎಲೆ ಬಿತ್ತು.

"ಇಷ್ಟ ಉಳದ್ರ ನಮ್ಮನ್ಯಾಗ ಹೆಚ್ಚಾತು ಅಂತೇವ್ರಿ."

ಮುಗಿಯಿತು, ಮೂರನೆಯದೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಅವರ ತಾಯಿ ಸೆರಗು ಬಾಯಿಗೊತ್ತಿಕೊಂಡು ಕಿಸಕ್ಕೆಂದರು. ಹಿಂದೆಯೇ ಇಡೀ ಪಡಸಾಲೆ ಹೊಟ್ಟೆ ಹಿಡಿದುಕೊಂಡಿತು. ವರಮಹಾಶಯರೊಬ್ಬರೇ ನಗದೆ, ಆ ಎಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದರು. "ರುಚಿ ಐತ್ರಿ" ಎಂದರು. ಆ ಸಂಜೆಯೇ ಮದುವೆ ಗಟ್ಟಿಯಾಯಿತು.

ಇವತ್ತು ಇದನ್ನೆಲ್ಲ ಹೇಳಿದರೆ ಮಗಳು ನಂಬಲಿಲ್ಲ. ನೇರ ದೊಡವಾಡಕ್ಕೆ ವಿಡಿಯೋ ಕಾಲ್ ಹಚ್ಚಿದಳು. ತೊಂಬತ್ತು ದಾಟಿದ ಆಯಿಯ ಮುಖ ಪರದೆಯ ತುಂಬ.

"ಆಯೀ, ಹಲ್ಲು ಎಷ್ಟು ಅದಾವ ಈಗ?"

"ಎಲ್ಲಾ ಹೆಚ್ಚ್ಯಾವ, ನನ್ನವ್ವ!" ಎಂದು ಆಯಿ ಬಾಯಿ ಅಗಲಿಸಿ ತೋರಿಸಿದಳು.

ಆ ಬೊಚ್ಚುಬಾಯಿಯಲ್ಲಿ ನನಗೂ ಏನೊಂದೂ ಕಮ್ಮಿ ಕಾಣಲಿಲ್ಲ.