ನೆಲ್ಯಾಡಿಯ ಬಾವಿಯಲ್ಲಿ ಇಂಟರ್‌ಫೆರಾನ್

ದೈವ, ಪ್ರೇತ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ದರ್ಬೆಯ ನಮ್ಮ ಮನೆಯಲ್ಲಿ ಇದಕ್ಕಾಗಿ ಅಜ್ಜಿಯಿಂದ ಬೈಸಿಕೊಂಡದ್ದೂ ಉಂಟು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ವೈರಸ್ ತಗಲಿದಾಗ ನಮ್ಮ ದೇಹ ತಾನೇ ತಯಾರಿಸಿಕೊಳ್ಳುವ ಇಂಟರ್‌ಫೆರಾನ್ ಎಂಬ ಪ್ರೋಟೀನು ನನ್ನ ವಿಷಯ. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಈ ಪ್ರೋಟೀನನ್ನು ಹೊರದೇಶಗಳಲ್ಲಿ ತಯಾರಿಸತೊಡಗಿದ್ದರು. ನನ್ನ ಗೈಡ್ ಅವರ ಗೆಳೆಯರೊಬ್ಬರು ಅದರ ಒಂದು ಪುಟ್ಟ ಸೀಸೆ ಮಂಗಳೂರಿಗೆ ತಂದಿದ್ದರು. ರಜೆಯಲ್ಲಿ ಊರಿಗೆ ಬಂದಿದ್ದ ನಾನು ಅದನ್ನು ಬೆಂಗಳೂರಿಗೆ ಒಯ್ಯಬೇಕಿತ್ತು. ದ್ರವದಲ್ಲಿ ಕರಗಿಸಿದ್ದರಿಂದ ಸದಾ ತಣ್ಣಗಿರಬೇಕು, ಬಿಸಿಯಾದರೆ ಕೆಲಸಕ್ಕೆ ಬಾರದು. ಇನ್ನೊಂದು ಸಿಗುವ ಆಸೆಯಿರಲಿಲ್ಲ. ನನ್ನ ಫೆಲೋಶಿಪ್ಪೂ ಮುಗಿಯುತ್ತ ಬಂದಿತ್ತು.

ಮೇ ತಿಂಗಳ ಸುಡುಬಿಸಿಲು. ಸೀಸೆಯಿಟ್ಟು ಮಂಜುಗಡ್ಡೆ ತುಂಬಿದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ಬಸ್ಸಿನಲ್ಲಿ ಕೂತಿದ್ದೆ. ಘಾಟಿ ಹತ್ತುವ ಮೊದಲೇ ನೆಲ್ಯಾಡಿಯಲ್ಲಿ ಬಸ್ಸು ನಿಂತಿತು.

"ಘಾಟಿಯಲ್ಲಿ ಲಾರಿ ಅಡ್ಡ ಬಿದ್ದಿದೆ ಮಾರಾಯ್ರೆ, ಸಂಜೆವರೆಗೆ ಹೋಗುದಿಲ್ಲ," ಎಂದ ಕಂಡಕ್ಟರ್.

ಫ್ಲಾಸ್ಕ್ ಅಲುಗಿಸಿದೆ. ಬರೀ ನೀರಿನ ಸದ್ದು. ಮಂಜುಗಡ್ಡೆಯೆಲ್ಲ ಕರಗಿತ್ತು. ಐಸ್‌ಕ್ಯಾಂಡಿ ಅಂಗಡಿಗೆ ಓಡಿದರೆ ಅಲ್ಲಿ ಬೆಳಗ್ಗಿನಿಂದ ಕರೆಂಟಿಲ್ಲ.

ಅಂಗಡಿಯ ಹಿಂದಿನ ಮನೆಯಲ್ಲಿ ಏಲಿಯಮ್ಮ ಎಂಬ ಹಿರಿಯರಿದ್ದರು. ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ. ನನ್ನ ಪರದಾಟ ನೋಡಿ ಅವರೇ, ಮಲಯಾಳದಲ್ಲಿ ಮಗಳೇ ಎನ್ನುತ್ತ, ಕರೆದರು.

"ಫ್ರಿಜ್ಜೆಲ್ಲ ಇಲ್ಲ ಮೋಳೇ. ಹಾಲು ನಾವು ಬಾವಿಗೆ ಇಳಿಸಿ ಇಡುದು. ಇದನ್ನೂ ಇಡುವ."

ಬಾವಿಯ ತಂಪು ಏನೇನೂ ಸಾಲದೆಂದು ನನಗೆ ಗೊತ್ತಿತ್ತು. ಆದರೆ ಬೇರೆ ದಾರಿ ಕಾಣಲಿಲ್ಲ. ಸೀಸೆಯನ್ನು ಸ್ಟೀಲ್ ಡಬ್ಬಿಯಲ್ಲಿ ಭದ್ರ ಮಾಡಿ, ಅವರ ಹಾಲಿನ ಡಬ್ಬಿಯ ಪಕ್ಕದಲ್ಲೇ ಹಗ್ಗ ಕಟ್ಟಿ ಇಳಿಸಿದೆವು. ಮಧ್ಯಾಹ್ನವಿಡೀ ನಾನು ಬಾವಿಕಟ್ಟೆ ಬಿಟ್ಟು ಕದಲಲಿಲ್ಲ.

ಇಳಿಹೊತ್ತಿಗೆ ಬಸ್ಸಿನ ಹಾರನ್ ಕೇಳಿತು. ಏಲಿಯಮ್ಮ ಮೊದಲು ಹಾಲು ಎಳೆದರು. ಆ ಸೆಕೆಗೆ ಹಾಲು ಒಡೆದುಹೋಗಿತ್ತು. ನನ್ನದೂ ಮುಗಿಯಿತು ಎಂದುಕೊಂಡು ಇನ್ನೊಂದು ಹಗ್ಗ ಎಳೆದೆ.

ಡಬ್ಬಿಯ ಮೈತುಂಬ ಬಿಳಿಯ ಹಿಮ ಕೂತಿತ್ತು. ಮುಟ್ಟಿದರೆ ಬೆರಳು ಅಂಟಿಕೊಂಡು ಉರಿಯಿತು. ಒಳಗಿನ ದ್ರವ ಮಾತ್ರ ಹೆಪ್ಪುಗಟ್ಟದೆ ತಿಳಿಯಾಗಿತ್ತು. ಏಲಿಯಮ್ಮ ಶಿಲುಬೆಯ ಗುರುತು ಮಾಡಿಕೊಂಡು ಹಿಂದೆ ಸರಿದರು.

"ನಮ್ಮ ಬಾವಿಯಲ್ಲಿ ಇಷ್ಟು ತಂಪಿಲ್ಲ," ಎಂದರು ಮೆಲ್ಲಗೆ.

ಆ ತಂಪು ಬೆಂಗಳೂರು ಮುಟ್ಟುವವರೆಗೂ ಇಳಿಯಲಿಲ್ಲ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಡಲು ನನಗೆ ಧೈರ್ಯವಾಗಲಿಲ್ಲ, ಕಾಲಿನ ಬಳಿ ಇಟ್ಟುಕೊಂಡಿದ್ದೆ. ಲ್ಯಾಬಿನಲ್ಲಿ ಆ ಪ್ರೋಟೀನು ಹಾಕಿದ ಜೀವಕೋಶಗಳು ವೈರಸ್ಸಿಗೆ ಜಗ್ಗದೆ ಉಳಿದವು. ನನ್ನ ಕೆಲಸವೂ ಉಳಿಯಿತು. ಕುಣಿದಾಡಬೇಕಾದವಳು ಮೈಕ್ರೋಸ್ಕೋಪಿನ ಮುಂದೆ ಹೆದರಿ ಕೂತಿದ್ದೆ.

ಮರುವರ್ಷ ಅದೇ ಬಿಸಿಲಿನಲ್ಲಿ ಥರ್ಮಾಮೀಟರ್ ಹಿಡಿದು ನೆಲ್ಯಾಡಿಗೆ ಹೋದೆ. ಅದೇ ಡಬ್ಬಿ, ಅಷ್ಟೇ ಆಳ. ಎಷ್ಟು ಹೊತ್ತು ಇಟ್ಟರೂ ಎಲ್ಲ ಬಾವಿಗಳಲ್ಲಿರುವಷ್ಟೇ ತಂಪು. ಏಲಿಯಮ್ಮ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

"ಅವತ್ತು ಈ ಕಟ್ಟೆಯಲ್ಲಿ ಕೂತು ಎಷ್ಟು ಅತ್ತಿದ್ದಿ ಮೋಳೇ," ಎಂದರು. "ಇವತ್ತು ನೀನು ಬರೀ ನೋಡ್ಲಿಕ್ಕೆ ಬಂದದ್ದಲ್ವಾ?"

ಅತ್ತದ್ದು ನನಗೆ ನೆನಪಿರಲಿಲ್ಲ. ಥರ್ಮಾಮೀಟರನ್ನು ಚೀಲಕ್ಕೆ ಹಾಕಿ ಡಬ್ಬಿಯ ಹಗ್ಗ ಬಿಚ್ಚಿದೆ.