ಕೋಳಿಕಾಲಿನ ಮೋಟಾರು

ಮೆಹಬೂಬ ಚಾಚಾ ಕಣ್ಣು ಅರ್ಧ ಮುಚ್ಚಿಕೊಂಡೇ ಗಾಡಿ ನಡೆಸುತ್ತಿದ್ದ. ಮುಂದೆ ನಮ್ಮ ಬ್ಯಾಂಡು ಕಿವಿ ಹರಿಯುವಂತೆ ಬಾರಿಸಲಿ, ಕಾಲಬುಡದಲ್ಲೇ ಪಟಾಕಿ ಸಿಡಿಯಲಿ, ಆ ರೆಪ್ಪೆಗಳು ಮೇಲೇಳುತ್ತಿರಲಿಲ್ಲ. ಡ್ರೈವರ್ ನಿದ್ದೆ ಮಾಡುತ್ತಿದ್ದಾನೆಂದು ಬೀಗರು ಜಗಳಕ್ಕೆ ಬಂದರೆ, "ನಿದ್ದಿ ಅಲ್ರೀ, ಬ್ಯಾಸರಕಿ" ಎನ್ನುತ್ತಿದ್ದ. ಸುಳ್ಳೇನಲ್ಲ. ಬೆಳಗಾವಿಯ ಗಲ್ಲಿಗಳಲ್ಲಿ ವರ್ಷಗಟ್ಟಲೆ ಅವನ ಗಾಡಿಯ ಮುಂದೆ ಕ್ಲಾರಿನೆಟ್ ಊದುತ್ತ ನಡೆದ ಬ್ಯಾಂಡ್ ಮಾಸ್ತರ ನಾನು. ಬೇಸರ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಹಾಡು, ಅದೇ ಬೆವರು, ಕುಣಿಯುವವರ ಮೊಣಕೈ ನಮ್ಮ ಪಕ್ಕೆಗೆ. ಮದುವೆ ಎಂಬ ಮಾತು ಕೇಳಿದರೆ ಇಂದಿಗೂ ನನಗೆ ಮೊದಲು ಕಾಲು ನೋಯುತ್ತದೆ.

ಚಾಚಾನ ಗಾಡಿಯಾದರೂ ನಡೆಯಲು ಹುಟ್ಟಿದ್ದಲ್ಲ. ಇಂಗ್ಲೆಂಡಿನ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಛತ್ತಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಮೈತುಂಬ ಬಣ್ಣದ ಹೂವು ಬರೆದಿತ್ತು. ಬಾನೆಟ್ಟಿನ ಮೇಲೆ ಒಂದು ದೊಡ್ಡ ವೃತ್ತ, ಅದರೊಳಗೆ ಮೂರು ಬೆರಳು ಚಾಚಿದಂಥ ಗೆರೆಗಳು. ಊರ ಹುಡುಗರು ಅದನ್ನು ಕೋಳಿಕಾಲು ಅಂದರು. ಅಲ್ಲಿಂದ ಅದು ಕೋಳಿಕಾಲಿನ ಮೋಟಾರೇ ಆಯಿತು.

ಎಪ್ಪತ್ತರ ದಶಕದ ಆರಂಭದಲ್ಲಿ ಚಾಚಾ ಬೆಳಗಾವಿಯಿಂದ ಗೋವಾಕ್ಕೆ ಕಾಯಿಪಲ್ಲೆ ಒಯ್ಯುವ ಲಾರಿ ಹೊಡೆಯುತ್ತಿದ್ದ. ಹಿಪ್ಪಿಗಳು ಗೋವಾದ ಸಮುದ್ರದಂಡೆಗೆ ಮುತ್ತಿದ ಕಾಲ. ಕಣಕುಂಬಿಯ ಕಾಡಿನಲ್ಲಿ ಈ ಗಾಡಿ ಕೆಟ್ಟು ನಿಂತಿತ್ತು. ಪಕ್ಕದಲ್ಲಿ ಸೊಂಟದವರೆಗೆ ಕೂದಲು ಬಿಟ್ಟ ಒಬ್ಬ ಬಿಳಿಯ ಹುಡುಗ, ಬರಿಗಾಲಲ್ಲಿ, ಕೊಳಲು ಊದುತ್ತ ಕೂತಿದ್ದನಂತೆ. ತನ್ನೂರಿನಿಂದ ಇರಾನು, ಕಾಬೂಲು ದಾಟಿ ಅದನ್ನು ಓಡಿಸಿಕೊಂಡು ಬಂದಿದ್ದ. ಅಪ್ಪ ಸಾಹುಕಾರ, ಯುದ್ಧ ಬೇಡ, ಆಸ್ತಿ ಬೇಡ, ಕ್ಷೌರ ಬೇಡ ಎಂದು ಮನೆ ಬಿಟ್ಟವನು. ಚಾಚಾ ಅವನನ್ನು ಲಾರಿಯಲ್ಲಿ ಗೋವಾ ಮುಟ್ಟಿಸಿದ. ಇಳಿಯುವಾಗ ಹುಡುಗ ಕೀಲಿಯನ್ನು ಚಾಚಾನ ಅಂಗೈಯಲ್ಲಿಟ್ಟು, ಕೈಸನ್ನೆ, ಮುರುಕು ಹಿಂದಿ ಎಲ್ಲ ಸೇರಿಸಿ ಎರಡು ಮಾತು ಹೇಳಿದನಂತೆ: ಮಾರಬೇಡ. ಓಡಿಸು.

'ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ' ಎಂದು ಅವನೂರು ಖಾನಾಪುರವೆಲ್ಲ ಚಾಚಾನನ್ನು ಹೊಗಳಿತು. ಗಾಡಿಯನ್ನು ಲಾರಿಗೆ ಕಟ್ಟಿ ಎಳೆದು ತಂದು ರಿಪೇರಿ ಮಾಡಿಸಿದ ಅವನಿಗೇ ಗೊತ್ತು ಕಷ್ಟ. ಅದರ ಟೈರು ಇಲ್ಲಿ ಸಿಗದು, ಬಿಡಿಭಾಗ ಮುಂಬೈಯಲ್ಲೂ ಇಲ್ಲ. ಸ್ವಲ್ಪ ಜೋರು ಬಿಟ್ಟರೆ ಎಂಜಿನ್ ಕುದಿಯುತ್ತದೆ. ಒಮ್ಮೆ ಮುರಿದರೆ ಮುಗಿಯಿತು. ಲಾರಿ ಮಾಲೀಕ ಕೆಲಸ ಬಿಡಿಸಿದ ಮೇಲೆ ಚಾಚಾ ಅದನ್ನು ವರಾತಿಗೆ, ಮದುವೆ ಮೆರವಣಿಗೆಗೆ ಹಚ್ಚಿದ. ಡಿಕ್ಕಿಯ ಮೇಲೆ ಗಾದಿ ಹಾಸಿ ಮದುಮಕ್ಕಳನ್ನು ಕೂರಿಸುವುದು, ಬ್ಯಾಂಡಿನ ಹಿಂದೆ ಆಮೆಯಂತೆ ತೆವಳುವುದು. ಖಾನಾಪುರದಿಂದ ಬೆಳಗಾವಿಗೆ ಬರುವಾಗಲೂ ಎತ್ತಿನ ಗಾಡಿಗಳು ಅವನನ್ನು ಹಿಂದೆ ಹಾಕುತ್ತಿದ್ದವು.

"ಓಡಸು ಅಂದಿದ್ದ ಆ ಹುಡುಗ. ನಾ ನಡಸಾಕತ್ತೇನಿ," ಎನ್ನುತ್ತಿದ್ದ, ಎಡಗಾಲು ತಿಕ್ಕಿಕೊಳ್ಳುತ್ತ. ಕ್ಲಚ್ಚು ಒತ್ತಿ ಒತ್ತಿ ಆ ಕಾಲು ಹೋಗಿತ್ತು. "ಬಿಡೂದು ಭಾಳ ಹಗರ ಮಾಸ್ತರ. ಬಿಟ್ಟಿದ್ದನ್ನ ಸಂಬಾಳಸೂದ ಐತೆಲ್ಲ, ಅದು ವಜ್ಜಿ."

"ಕಾಗದಾ ಪತ್ರಾ ಯಾರರ ಕೇಳಿದ್ರ ಏನ ಮಾಡ್ತಿ ಚಾಚಾ?" ಎಂದು ನಾನೊಮ್ಮೆ ಕೆಣಕಿದೆ.

"ಫೌಜದಾರನ ಮಗಳ ವರಾತೂ ಇದ್ರಾಗ ಆಗೇತಿ. ಕೇಳಾಂವ ಯಾಂವ?"

ಒಮ್ಮೆ ಬೆಳಗಾವಿಯಲ್ಲಿ ಲಿಂಗಾಯತರ ದೊಡ್ಡ ಮದುವೆ. ವರನ ಅಜ್ಜ ಬಾನೆಟ್ಟು ನೋಡಿದವನೇ ಕೆಂಡವಾದ. "ಎಲಾ ಇವನ! ನಮ್ಮ ಮದುವ್ಯಾಗ ಕೋಳಿಕಾಲ? ಯಾವ ಮನಿತನ ಅಂತ ತಿಳದಿ?" ಚಾಚಾ ನಿಧಾನವಾಗಿ ಇಳಿದು, "ಕೋಳೀದಲ್ರೀ ಯಜಮಾನರ, ಇದು ಶಾಂತಿ ಗುರ್ತು. ಜಗಳಾ ಬ್ಯಾಡ ಅಂತ ಬರದಾರ. ಮದುವಿ ಮಾಡಕೊಳ್ಳಾವ್ರಿಗೆ ಬೇಕಾಗತೈತಿ" ಎಂದ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಜ್ಜ ಮಾತ್ರ ಬಗ್ಗಲಿಲ್ಲ. ಚೆಂಡುಹೂವಿನ ಹಾರ ಹಾಕಿ ಗುರುತನ್ನು ಪೂರಾ ಮುಚ್ಚಿಸಿದ.

ಚಾಚಾನಿಗೆ ಇದ್ದದ್ದು ಒಂದೇ ಆಸೆ. ಹೆಂಡತಿ ಜೈನಬಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಒಂದೇ ಒಂದು ಸಲ, ಎಂಜಿನ್ ಹಾಳಾದರೂ ಸರಿ, ಕಣಕುಂಬಿಯ ದಾರಿಯಲ್ಲಿ ಅದನ್ನು ಪೂರ್ತಿ ಓಡಿಸಬೇಕು. ಮಕ್ಕಳಿಲ್ಲದ ಮನೆ. ಆಕೆ ಒಪ್ಪುತ್ತಿರಲಿಲ್ಲ. "ನನ್ನ ವರಾತ ಮುಗದು ಜಮಾನಾ ಆತು. ಈಗ ಮದುವಿ ಗಾಡ್ಯಾಗ ಕುಂತ್ರ ಮಂದಿ ನಗೂದಿಲ್ಲೇನು?" ಎಂದು ನನ್ನೆದುರೇ ಗದರುತ್ತಿದ್ದಳು. ಆದರೆ ಮದುವೆ ಇದ್ದ ದಿನ ಆ ಸೀಟು ಒರೆಸುತ್ತಿದ್ದವಳು ಆಕೆಯೇ. "ಮುಂದಿನ ವರ್ಷ ನೋಡೂಣು" ಎನ್ನುವಳು. ಮುಂದಿನ ವರ್ಷವೂ ಅದೇ ಮಾತು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಖಾನಾಪುರದಲ್ಲಿ ಮರಾಠಿ ಮನೆಯ ಮದುವೆ. ಊಟ ಮುಗಿದು, ಇಳಿಬಿಸಿಲಲ್ಲಿ ವರಾತು ಹೊರಟಿತ್ತು. ಚಾಚಾನ ನೆರೆಮನೆಯ ಹೆಂಗಸು ಜನರನ್ನು ತಳ್ಳಿಕೊಂಡು ಓಡಿಬಂದಳು. "ಚಾಚಾ, ಜೈನಬಗ ಎದಿ ಹಿಡದೈತಿ! ಈಗಿಂದೀಗ ಬೆಳಗಾಂವಿಗೆ ಒಯ್ರಿ ಅಂದ್ರು ಡಾಕ್ಟರು."

ಆ ಕಣ್ಣುಗಳು ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಅವತ್ತೇ. ಇಳಿಯಿರಿ ಎಂದು ಚಾಚಾ ಮದುಮಕ್ಕಳನ್ನು ಕೇಳಲಿಲ್ಲ. ಹೇಗೆ ಕೇಳಿಯಾನು? ವರಾತಿನಲ್ಲಿ ಕೂತ ಮದುಮಗಳ ಕಾಲು ಗಂಡನ ಮನೆ ಮುಟ್ಟುವವರೆಗೆ ನೆಲಕ್ಕೆ ತಾಗಬಾರದು. ಅಷ್ಟರಲ್ಲಾಗಲೇ ವರನ ಸೋದರಮಾವ ಅದನ್ನೇ ಮರಾಠಿಯಲ್ಲಿ ಗೊಣಗತೊಡಗಿದ್ದ. ಜೈನಬಳಿಗೆ ಬೇರೆ ಗಾಡಿ ಹುಡುಕೋಣ, ತುಸು ತಡೆಯಿರಿ ಎಂದು. ನನಗೆ ಮೈಯೆಲ್ಲ ಉರಿಯಿತು.

ಮದುಮಗಳು ಬಾಸಿಂಗ ಸರಿಸಿ ಕೆಳಗೆ ನೋಡಿದಳು. ಸೀರೆ ಎತ್ತಿ ಹಿಡಿದು ಡಿಕ್ಕಿಯಿಂದ ರಸ್ತೆಗೆ ಧುಮುಕಿಯೇ ಬಿಟ್ಟಳು. "ಚಾಚಾ, ತುಮ್ಹಿ ಜಾ! ಲವಕರ ಜಾ!" ಎಂದಳು, ನೀವು ಹೋಗಿ, ಬೇಗ ಹೋಗಿ ಎಂದು. ಗಂಡ ಅವಳ ಮುಖ ನೋಡಿ ತಾನೂ ಇಳಿದ. ಅವರ ಸಂಸಾರ ತಣ್ಣಗಿರಲಿ ಎಂದು ಈಗಲೂ ಬೇಡಿಕೊಳ್ಳುತ್ತೇನೆ.

ಜೈನಬಳನ್ನು ಅದೇ ಓಣಿಯ ಮನೆಯಿಂದ ನಾವೇ ನಾಲ್ಕು ಜನ ಎತ್ತಿ ತಂದು ಪಕ್ಕದ ಸೀಟಿನಲ್ಲಿ ಕೂರಿಸಿದೆವು. ಆಕೆಗೆ ಪ್ರಜ್ಞೆಯಿತ್ತು. "ಅಯ್ಯ, ಹಾರಾ ತಗೀರಿ, ಮಂದಿ ನೋಡ್ಯಾರು" ಎಂದಳು. ತೆಗೆಯಲು ಹೊತ್ತೆಲ್ಲಿ? ಎರಡೇ ಸೀಟು, ಆ ವೇಗದಲ್ಲಿ ಡಿಕ್ಕಿಯ ಮೇಲೆ ಯಾರೂ ಕೂರುವಂತಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಹೋದರು. ಅಂಥ ಗರ್ಜನೆ ಆ ಗಾಡಿಯ ಹೊಟ್ಟೆಯಲ್ಲಿದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಧೂಳು ಇಳಿದ ಮೇಲೆ ಮದುಮಕ್ಕಳು ನಡೆದರು, ನಾವು ಬಾರಿಸಿದೆವು. ಏನು ಊದಿದೆನೋ ನೆನಪಿಲ್ಲ.

ಮಳೆಗಾಲ ಕಳೆದ ಮೇಲೆ ಚಾಚಾನನ್ನು ನೋಡಲು ಹೋದೆ. ಅದೇ ಕೊನೆಯ ಭೇಟಿ. ಮುಂದೆ ಅವನು ತಂಗಿಯ ಊರಿಗೆ ಹೋದ, ಅಲ್ಲೇ ತೀರಿಕೊಂಡ. ದವಾಖಾನೆಯ ಗೇಟಿನಲ್ಲಿ ಎಂಜಿನ್ ಜಾಮ್ ಆಗಿದ್ದ ಗಾಡಿಯನ್ನು ಲಾರಿಯ ಹಿಂದೆ ಕಟ್ಟಿ ಎಳೆದು ತಂದಿದ್ದರು. ಅಂಗಳದಲ್ಲಿ ತಾಡಪತ್ರಿ ಮುಚ್ಚಿ ನಿಲ್ಲಿಸಿತ್ತು. ಚಾಚಾ ತಾನೇ ಚಹಾ ಮಾಡಿ ತಂದ. ಸಕ್ಕರೆ ಹಾಕುವುದನ್ನು ಮರೆತಿದ್ದ. ನಾನು ಹಾಗೇ ಕುಡಿದೆ.

"ಅವತ್ತ ಹೆಂಗ ಓಡ್ತ ಮಾಸ್ತರ!" ಎಂದ. "ದೇಸೂರ ಬಂದದ್ದ ಗೊತ್ತಾಗಲಿಲ್ಲ. ನೋಡ ಜೈನಬ, ನೋಡ, ಹೆಂಗ ಹೊಂಟೇತಿ ಅನಕೋತ ಹೋದ್ನಿ. ಹೊಳ್ಳಿ ನೋಡಾಕ ಆಗತಿದ್ದಿಲ್ಲ, ದಾರಿ ಮ್ಯಾಲ ಕಣ್ಣ ಇಡಬೇಕಲ್ಲ. ಬಾಜೂಕ ಆಕೀ ಸೆರಗ ಪಟಪಟ ಹಾರೂದು ಕಾಣತಿತ್ತು. ಜೀವ ಐತಿ ಅಂತ ತಿಳಕೊಂಡಿದ್ನಿ."

ಅವನು ಎಡಗಾಲು ತಿಕ್ಕಿಕೊಂಡ.

"ದಾರ್ಯಾಗ ಮಚ್ಛೆ ಊರ ಮುಟ್ಟೂಕಿಂತ ಮೊದಲ ಜೀವ ಹೋಗಿರಬೇಕು ಅಂದ್ರು ಡಾಕ್ಟರು," ಎಂದ ಚಾಚಾ. "ನಾ ಬೆಳಗಾಂವಿ ತನಕಾ ಮಾತಾಡಿದ್ನಿ."