ಓಡಿಸಿ ನೋಡಿದ ಕಥೆ

ನಮ್ಮ ಬಣ್ಣದಣ್ಣ ಗುರುವಾರ ಮಧ್ಯಾಹ್ನ ತೀರಿಕೊಂಡ. ಶ್ವಾಸಕೋಶದ ಕಾಯಿಲೆ ಇತ್ತು. ಆಸ್ಪತ್ರೆಯಲ್ಲಿ ಮಲಗಲು ಒಪ್ಪಿರಲಿಲ್ಲ. ಮನೆಯಲ್ಲೇ, ಹಾಲ್‌ಗೆ ತಂದು ಹಾಕಿದ್ದ ಮಂಚದ ಮೇಲೆ ಹೋದ.

ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವುದು ಅವನ ಕೆಲಸ. ಗಿರಾಕಿಗಳು ಒಡೆದ ಗಾರೆಯ ಚೂರನ್ನೋ ಮಗುವಿನ ಹಳೆಯ ಫ್ರಾಕನ್ನೋ ತಂದು "ಇದೇ ಬಣ್ಣ ಬೇಕು" ಅನ್ನುತ್ತಿದ್ದರು. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹನಿ ಹನಿಯಾಗಿ ಸುರಿಯುತ್ತಿದ್ದ. ಅವನ ಉಗುರು ನೋಡಿದರೆ ಸಾಕು, ಹಿಂದಿನ ದಿನ ಯಾರ ಮನೆಗೋ ಹಸಿರು ಹೋಗಿದೆ ಎಂದು ತಿಳಿಯುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಶೇಡ್ ಹೊಂದಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದ.

ಜೊತೆಗಿದ್ದವಳು ಅಕ್ಕ. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದವಳು ಅಲ್ಲೇ ಉಳಿದಳು. ಶಾಲೆಯ ಸಮವಸ್ತ್ರ ಹೊಲಿಯುವ ಕಡೆ ಕಾಲರ್ ಕೂರಿಸುತ್ತಿದ್ದಳು. ಸಂಜೆ ಇಬ್ಬರೂ ಕೆಲಸದಿಂದ ಬಂದು, ಊಟ ಮುಗಿಸಿ ಧಾರಾವಾಹಿ ನೋಡಲು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಅಂಗಡಿಯವರು ಹೊಸದನ್ನು ತಂದಾಗ ಇವನಿಗೆ ದಾಟಿಸಿದ ಹಳೇ ಕಂಪ್ಯೂಟರ್ ಅದು. ಶುರುವಾಗುವಾಗ ಮುದುಕರಂತೆ ಕೆಮ್ಮುತ್ತಿತ್ತು.

"ಡೌನ್‌ಲೋಡಿಗೆ ಹಾಕಿದ್ದೀನಿ ಅಕ್ಕಾ. ಗುಡಿಸ್ತಾ ಗುಡಿಸ್ತಾ ವೈರು ಕಿತ್ತು ಹಾಕ್ಬೇಡ, ಪುಣ್ಯಾತ್ಗಿತ್ತಿ."

"ನಿನ್ನ ವೈರಿಗೆ ಕಣ್ಣಿಟ್ಟಿದ್ದೀನಿ ನೋಡು ನಾನು!"

ಸಂಜೆಗೆ ಒಂದೇ ಕಂತು. ಅಕ್ಕ ಎಷ್ಟು ಗೋಗರೆದರೂ ಇನ್ನೊಂದು ಹಾಕುತ್ತಿರಲಿಲ್ಲ. "ಮೊದಲನೇ ಕೋಟು ಒಣಗದೆ ಎರಡನೇದು ಬಳಿದ್ರೆ ಸಿಪ್ಪೆ ಏಳತ್ತೆ. ನಾಳೆ ನೋಡೋಣ, ನಡಿ."

ಕೊನೆಗೆ ಹಿಡಿದದ್ದು ಯಾವುದೋ ದೂರದ ಬಂದರಿನ ಕಥೆ. ನಮ್ಮ ಭಾಷೆಯ ದನಿ ಕೊಟ್ಟಿದ್ದರು. ದೋಣಿ ನಡೆಸುವ ಮುದುಕನ ಮಗಳು ಕಾಣೆಯಾಗಿದ್ದಾಳೆ. ಒಬ್ಬ ಪೊಲೀಸಿನವಳು ಹುಡುಕುತ್ತಾಳೆ. ಅಕ್ಕನ ಅನುಮಾನ ಅಲ್ಲಿನ ಡಾಕ್ಟರ ಮೇಲೆ, ಇವನದು ಅಂಚೆಯವನ ಮೇಲೆ. ಆದರೆ ಇವನ ಕಣ್ಣು ಕಳ್ಳನಿಗಿಂತ ಗೋಡೆಗಳ ಮೇಲೇ ಹೆಚ್ಚು. "ಹೋದ ಕಂತಲ್ಲಿ ಆ ಅಡುಗೆಮನೆ ತಿಳಿ ನೀಲಿ ಇತ್ತು. ಈಗ ಬೂದಿ. ಯಾರೋ ಬಳಿದಿದ್ದಾರೆ."

"ಹುಡುಗಿ ಕಾಣೆಯಾಗಿದ್ದಾಳೋ ಇಲ್ಲಿ! ನಿನಗೆ ಗೋಡೆ ಚಿಂತೆ."

ಕಥೆ ಅರ್ಧಕ್ಕೆ ಬಂದಾಗ ಆಸ್ಪತ್ರೆಯ ಡಾಕ್ಟರು ಅಕ್ಕನೊಬ್ಬಳನ್ನೇ ಹೊರಗೆ ಕರೆದರು. "ಇನ್ನು ಹೆಚ್ಚು ದಿನ ಇಲ್ಲಮ್ಮ. ಅವರಿಗೇನಾದ್ರೂ ಆಸೆ ಇದ್ರೆ ಮುಂದಕ್ಕೆ ಹಾಕ್ಬೇಡಿ." ಅಕ್ಕ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಒಳಗೆ ಬಂದು, ಮಾತ್ರೆ ಬದಲಾಯಿಸಿದ್ದಾರೆ ಅಷ್ಟೇ ಎಂದಳು.

ತಮ್ಮನಿಗೆ ಏನು ಆಸೆಯಿದೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಆ ಹುಡುಗಿ ಏನಾದಳು ಎಂದು ತಿಳಿಯುವುದು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ. ದಿನಕ್ಕೆರಡು ಕಂತು ನೋಡೋಣ ಎಂದರೆ ಯಾಕೆ ಎಂದು ಕೇಳುತ್ತಾನೆ. ಕೇಳಿದರೆ ತನ್ನ ಮುಖವೇ ಎಲ್ಲವನ್ನೂ ಹೇಳಿಬಿಡುತ್ತದೆ.

ಮೇಲಿನ ಮನೆಯ ಲೆಕ್ಚರರ್ ಉಪಾಯ ಹೇಳಿಕೊಟ್ಟರು. "ಇಲ್ಲಿ ಒತ್ತಿದ್ರೆ ಬೇಗ ಓಡತ್ತೆ. ಹುಡುಗರು ಕಳಿಸೋ ವಿಡಿಯೋನೆಲ್ಲ ನಾನು ಹೀಗೇ ಓಡಿಸಿ ನೋಡೋದು, ಇಲ್ಲಾಂದ್ರೆ ತಲೆ ಕೆಟ್ಟುಹೋಗತ್ತೆ." ಅಷ್ಟು ಹೊತ್ತಿಗೆ ಬಣ್ಣದಣ್ಣನಿಗೆ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ, ಕಂಪ್ಯೂಟರ್ ಅಕ್ಕನ ಕೈಗೆ ಬಂದಿತ್ತು. ಅವಳು ವೇಗ ಏರಿಸಿದಳು. ಒಂದು ಕಂತಿನ ಕೊನೆಯ ಹೆಸರುಗಳನ್ನೂ ಮುಂದಿನದರ ಮೊದಲ ಹಾಡನ್ನೂ ಹಾರಿಸಿ ಎರಡನ್ನೂ ಒಂದೇ ಮಾಡಿದಳು, ಕಾಲರಿಗೆ ಹೊಲಿಗೆ ಕಾಣದಂತೆ ಪಟ್ಟಿ ಕೂರಿಸಿದ ಹಾಗೆ.

"ಏನಕ್ಕಾ, ಇವರೆಲ್ಲ ಬಸ್ಸು ತಪ್ಪಿಹೋಗತ್ತೆ ಅನ್ನೋ ಥರ ಮಾತಾಡ್ತಿದ್ದಾರೆ?"

"ಆ ಕಡೆಯವರು ಮಾತಾಡೋದೇ ಹಾಗೆ."

"ನಿನ್ನೆ ತನಕ ನೆಟ್ಟಗಿದ್ರಲ್ಲ."

ಅವಳು ಅವನ ಹೊದಿಕೆ ಸರಿಮಾಡಿದಳು. ಅವನು ಮತ್ತೆ ಕೇಳಲಿಲ್ಲ. ಮುಂದಿನ ಸಂಜೆಗಳಲ್ಲಿ ಕಥೆ ದಬದಬ ಓಡಿತು. ಅಂಚೆಯವನು ಸಿಕ್ಕಿಬಿದ್ದ, ಬಿಡುಗಡೆಯೂ ಆದ. ಡಾಕ್ಟರ ಸುಳ್ಳು ಬಯಲಾಯಿತು. ಅಕ್ಕ ಉಳಿದ ಕಂತುಗಳನ್ನು ಮನಸ್ಸಿನಲ್ಲೇ ಕಳೆಯುತ್ತ, ತಮ್ಮನ ಉಸಿರಿಗೆ ಕಿವಿಗೊಡುತ್ತ ಕೂರುತ್ತಿದ್ದಳು. ಅವನು ಗೋಡೆಗಳ ಸುದ್ದಿ ಎತ್ತುವುದನ್ನು ಬಿಟ್ಟಿದ್ದ. ಅದು ಅವಳಿಗೆ ತಡವಾಗಿ ಹೊಳೆಯಿತು.

ಬುಧವಾರ ಬೆಳಿಗ್ಗೆ ಅವಳು ಅವನ ಮುಖ ಒರೆಸುತ್ತಿದ್ದಾಗ ಅವನೇ ಮಾತು ತೆಗೆದ.

"ಡಾಕ್ಟರು ಏನಂದ್ರು ಅಂತ ನೀನು ಹೇಳಲಿಲ್ಲ. ಕಂಪ್ಯೂಟರು ಹೇಳ್ತು."

ಅವಳ ಕೈಯಲ್ಲಿದ್ದ ಬಟ್ಟೆ ಅವನ ಕೆನ್ನೆಯ ಮೇಲೆ ಹಾಗೇ ನಿಂತಿತು.

"ಅಳಬೇಡ ಕಣೇ. ನಾನು ಮೊದಲ ದಿನವೇ ಲೆಕ್ಕ ಹಾಕ್ದೆ. ಇಷ್ಟು ಓಡಿಸ್ತಿದ್ದಾಳೆ ಅಂದ್ರೆ ಇಷ್ಟೇ ಉಳಿದಿರಬೇಕು ಅಂತ."

"ಕೊನೆ ನೋಡ್ಲಿ ಅಂತ ಕಣೋ. ನಿನಗೆ ಗೊತ್ತಾಗ್ಲಿ ಅಂತ."

"ಎಲ್ಲಿ ನೋಡಿದ್ದು? ಆ ಮುದುಕ ಮಗಳ ಕೋಣೆ ಬಾಗಿಲು ಹಾಕ್ತಾನಲ್ಲ, ಅದಕ್ಕೆ ಎಷ್ಟು ಹೊತ್ತು ಬೇಕು ಪಾಪ? ನೀನು ಓಡಿಸಿದ್ದಕ್ಕೆ ಬೆಕ್ಕನ್ನ ಹೊರಗೆ ಹಾಕ್ದವನ ಥರ ಪಟ್ ಅಂತ ಹಾಕ್ಕೊಂಡು ಹೋದ." ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದ: "ಹಿಂದಕ್ಕೆ ಹೋಗೋಣ. ನೀನು ಓಡಿಸೋಕೆ ಶುರು ಮಾಡಿದ ಜಾಗಕ್ಕೆ."

"ಹಾಗಾದ್ರೆ ಕೊನೆ ಸಿಗಲ್ವಲ್ಲೋ."

"ನಿನಗೆ ಸಿಗತ್ತಲ್ಲ. ಆ ಡಾಕ್ಟರೇ ಕಳ್ಳ ಆಗಿದ್ರೆ ಮಾತ್ರ ನನ್ನ ಫೋಟೋ ಮುಂದೆ ಜಂಭ ಕೊಚ್ಕೋಬೇಡ."

ಆ ಸಂಜೆ ವೇಗ ಇಳಿಸಿ ಒಂದು ಕಂತು ನೋಡಿದರು. ಅವನು ಎರಡು ಗೋಡೆಗಳನ್ನು ಬೈದ.

ಗುರುವಾರ ಸಂಜೆಯ ತನಕ ಕಾಯಲಿಲ್ಲ. ಮಧ್ಯಾಹ್ನವೇ "ಹಾಕಕ್ಕಾ" ಅಂದ. ಸರಿಯಾಗಿ ಕೂರಲಾಗುತ್ತಿರಲಿಲ್ಲ, ಅವಳು ಬೆನ್ನಿಗೆ ದಿಂಬುಗಳನ್ನು ಒಟ್ಟಿ, ಕೀಬೋರ್ಡನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಅವನ ಕಾಲ ಬಳಿ ಕುಳಿತಳು. ಕಂತು ನಡುವಿಗೆ ಬಂದಾಗ ಅಡುಗೆಮನೆಯಿಂದ ಸೀದ ವಾಸನೆ ಬಂತು.

"ಅಯ್ಯೋ, ಹಾಲು!"

ಅವಳು ಓಡಿದಳು. ಒಲೆ ಆರಿಸಿ, ಉಕ್ಕಿ ಚೆಲ್ಲಿದ್ದನ್ನು ಒರೆಸಿ, ಬಟ್ಟೆ ಹಿಂಡುತ್ತಿರುವಾಗ ಹಾಲ್‌ನಲ್ಲಿ ಮಾತು ನಿಂತಿತು. ಕಂಪ್ಯೂಟರ್ ಮತ್ತೆ ಕೈಕೊಟ್ಟಿತು ಎಂದುಕೊಂಡು ಒದ್ದೆ ಕೈಯಲ್ಲೇ ಬಂದಳು.

ತೆರೆಯ ಮೇಲೆ ಪೊಲೀಸಿನವಳು ಅರ್ಧ ಮಾತಿನಲ್ಲಿ ಬಾಯಿ ತೆರೆದು ನಿಂತಿದ್ದಳು. ಬಣ್ಣದಣ್ಣ ದಿಂಬಿನಿಂದ ಪಕ್ಕಕ್ಕೆ ವಾಲಿದ್ದ. ತೋಳು ಸ್ಟೂಲಿನ ತನಕ ಚಾಚಿತ್ತು, ಬೆರಳು ಕೀಬೋರ್ಡಿನ ಉದ್ದನೆಯ ಕೀಲಿಯ ಮೇಲಿತ್ತು. ಅಕ್ಕ ಬರುವ ತನಕ ಮುಂದೆ ಹೋಗದಿರಲಿ ಎಂದು ಕಥೆಯನ್ನು ನಿಲ್ಲಿಸಿದ್ದ.